ಹತ್ತು ವರ್ಷದ ಚೀಟಿ

ಹೆಂಡತಿ: ಬೀಗದಕೈ ಕೊಡ್ತೀರೋ ಇಲ್ವೋ?

ಗಂಡ: ಚೀಟಿ ಕೊಡು, ಸೋಪು ಕೊಡ್ತೀನಿ. ಬೀಗದಕೈ ಮಾತ್ರ ಯಾರ ಕೈಗೂ ಕೊಡಲ್ಲ.

ಹೆಂಡತಿ: ನನ್ನ ಅಡುಗೆಮನೆ, ನನ್ನ ಕಪಾಟು, ನಾನೇ ಅಂಗಡಿಯಿಂದ ಹೊತ್ಕೊಂಡು ಬಂದ ಸೋಪು. ಅದಕ್ಕೆ ನಾನೇ ಚೀಟಿ ಬರೀಬೇಕಾ?

ಗಂಡ: ಹೊತ್ಕೊಂಡು ಬರೋವರೆಗೆ ಅದು ನಿನ್ನದು. ಕಪಾಟಿನೊಳಗೆ ಹೋದಮೇಲೆ ದಾಸ್ತಾನು.

ಹೆಂಡತಿ: ನನ್ನ ಕೈ ನೋಡಿ ಒಂದ್ಸಲ. ಹಂಚಿನ ಮಸಿ ಕೆರೆದ ಹಾಗಿದೆ. ನಿಮ್ಮ ತಲೆಗೆ ಬಣ್ಣ ಬಳಿದದ್ದಕ್ಕೇ ಹೀಗಾಗಿದ್ದು.

ಗಂಡ: ಅದನ್ನೇ ಬರೀ. 'ಯಾತಕ್ಕೆ' ಅನ್ನೋ ಮನೆ ಇದೆಯಲ್ಲ, ಅಲ್ಲಿ 'ಕೈ ಮಸಿ' ಅಂತ.

ಹೆಂಡತಿ: ಈ ಕೈಲಿ ಹೇಗ್ರೀ ಬರೀಲಿ?

ಗಂಡ: ಅದು ಸ್ಟೋರಿಗೆ ಸಂಬಂಧಪಟ್ಟ ವಿಷಯ ಅಲ್ಲ.

ಗಂಡನ ಕೊರಳಿಗೆ ಹಳೆಯ ಟವೆಲು ಸುತ್ತಿತ್ತು. ತಲೆಯ ಮೇಲೆ ಬಣ್ಣದ ಮುದ್ದೆ ಒಣಗುತ್ತಿತ್ತು. ಅದರಲ್ಲಿ ಒಂದಿಷ್ಟು ಎಡಗಿವಿಗೂ ಹತ್ತಿದ್ದರಿಂದ ಕಿವಿಯೂ ಹತ್ತು ವರ್ಷ ಚಿಕ್ಕದಾಗಿ ಕಾಣುತ್ತಿತ್ತು. ಇಷ್ಟಾದರೂ ಆಸಾಮಿ ಕಪಾಟಿನ ಮುಂದೆ ಸ್ಟೂಲು ಹಾಕಿಕೊಂಡು, ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು, ಖಜಾನೆ ಕಾಯುವವನ ಗತ್ತಿನಲ್ಲಿ ಕೂತಿದ್ದ.

ಈತ ಮೂವತ್ನಾಲ್ಕು ವರ್ಷ ಒಂದು ಪಂಪು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಆ ಮೂವತ್ನಾಲ್ಕು ವರ್ಷದಲ್ಲಿ ಚೀಟಿ ಇಲ್ಲದೆ ಒಂದು ವಾಷರು ಕೂಡ ಆ ಉಗ್ರಾಣದ ಹೊಸ್ತಿಲು ದಾಟಿರಲಿಲ್ಲ. ಚೀಟಿಯಲ್ಲಿ ನಾಲ್ಕು ಮನೆ: ಯಾವ ಸಾಮಾನು, ಎಷ್ಟು, ಯಾತಕ್ಕೆ, ಪಡೆದವರ ಸಹಿ. ಬಣ್ಣ ಎರಡು. ಖರ್ಚಾಗಿ ಹೋಗುವ ಸಾಮಾನಿಗೆ ಬಿಳಿ ಚೀಟಿ, ವಾಪಸು ಬರಬೇಕಾದ ಸಾಮಾನಿಗೆ ಹಳದಿ ಚೀಟಿ. ಒಮ್ಮೆ ಯಜಮಾನರೇ ಟಾರ್ಚಿನ ಸೆಲ್ಲು ಕೇಳಿಕೊಂಡು ಬಂದಾಗ ಅವರನ್ನೂ ಚೀಟಿ ಬರೆಯಲು ವಾಪಸು ಕಳಿಸಿದ್ದನಂತೆ. ಈ ಕಥೆಯನ್ನು ಹೆಂಡತಿ ವಾರಕ್ಕೆ ಎರಡು ಸಲದಂತೆ ಕೇಳಿದ್ದಾಳೆ. ಕಾರ್ಖಾನೆಯವರು ಅವನನ್ನು ಚೀಟಿಯಪ್ಪ ಎಂದು ಕರೆಯುತ್ತಿದ್ದರು. ಅವರು ಗೇಲಿ ಮಾಡುತ್ತಿದ್ದರು, ಅವನು ಬಿರುದೆಂದು ತಿಳಿದಿದ್ದ.

ಎಂಟು ತಿಂಗಳ ಹಿಂದೆ ಕಾರ್ಖಾನೆ ಮುಚ್ಚಿತು. ಕೊನೆಯ ದಿನ ಉಳಿದವರು ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರು. ಈತ ಬಳಸದ ಚೀಟಿ ಪುಸ್ತಕ ಆರು ತಂದ, ಅದಕ್ಕೂ ಒಂದು ಚೀಟಿ ಬರೆದಿಟ್ಟು. ಮನೆಗೆ ಬಂದಮೇಲೆ ಕೈ ಸುಮ್ಮನಿರಲಿಲ್ಲ. ಮೂರನೇ ದಿನಕ್ಕೆ ಅಡುಗೆಮನೆಯ ಕಪಾಟಿಗೆ ಬೀಗ ಬಿತ್ತು.

ಹೆಂಡತಿ ಎಂಟು ತಿಂಗಳಿಂದ ಜಗಳವಾಡಿದ್ದಾಳೆ, ಸ್ಟೂಲು ಎಳೆದಿದ್ದಾಳೆ, ಒಮ್ಮೆ ಸುತ್ತಿಗೆಯನ್ನೂ ತಂದಿದ್ದಾಳೆ, ಆದರೆ ಸ್ವಂತ ಕೈಯಲ್ಲಿ ಚೀಟಿ ಒಂದನ್ನೂ ಬರೆದಿಲ್ಲ. ಕೊನೆಗೆ ಅವನೇ ಬರೆಯುವುದು, ಅವಳು ಹಲ್ಲು ಕಚ್ಚಿಕೊಂಡು ಸಹಿ ಗೀಚುವುದು, ಹೀಗೆ ಸಂಸಾರ ಸಾಗಿತ್ತು. ಇನ್ನೊಂದು ವರ್ಷ ಈ ಮನುಷ್ಯ ಮನೆಯಲ್ಲಿ ಕೂತರೆ ತನಗೆ ಬುದ್ಧಿಭ್ರಮಣೆ ಖಂಡಿತ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಕೆಲಸವೇನೂ ಅವನು ಹುಡುಕದೆ ಕೂತಿರಲಿಲ್ಲ. ಒಂಬತ್ತು ಕಡೆ ಹೋಗಿ ಬಂದಿದ್ದ. ಒಂಬತ್ತು ಕಡೆಯೂ ಕುರ್ಚಿ ಕೊಟ್ಟರು, ನೀರು ಕೊಟ್ಟರು, ವಯಸ್ಸು ಕೇಳಿದರು, ತಿಳಿಸುತ್ತೇವೆ ಅಂದರು. ಈವತ್ತು ಹನ್ನೊಂದು ಗಂಟೆಗೆ ಹತ್ತನೆಯದು. ಬೀಗ ಮಾಡುವ ಕಾರ್ಖಾನೆ, ಸ್ಟೋರ್ ಕೀಪರ್ ಬೇಕಾಗಿದ್ದಾರೆ, ವಯಸ್ಸು ಐವತ್ತರೊಳಗೆ. ಗೇಟಿನಲ್ಲಿ ಕೊಟ್ಟ ಅರ್ಜಿಯನ್ನು ನಿನ್ನೆ ಹೆಂಡತಿಯೇ ತುಂಬಿದ್ದಳು. ವಯಸ್ಸಿನ ಜಾಗದಲ್ಲಿ ನಲವತ್ತೆಂಟು ಎಂದು ದುಂಡಗೆ ಬರೆದಿದ್ದಳು.

ಗಂಡ: ನನಗೆ ಐವತ್ತೆಂಟು.

ಹೆಂಡತಿ: ಅದು ನಿಮಗೂ ನನಗೂ ಗೊತ್ತು. ಅವರಿಗೆ ಯಾಕೆ?

ಗಂಡ: ಉಳಿದ ಹತ್ತು ಎಲ್ಲಿಗೆ ಹೋಯ್ತು ಅಂತ ಕೇಳಿದ್ರೆ?

ಹೆಂಡತಿ: ಯಾರೂ ಕೇಳಲ್ಲ.

ಗಂಡ: ಸ್ಟೋರಿನಲ್ಲಿ ಹತ್ತು ಮೊಳೆ ಕಡಿಮೆಯಾದ್ರೆ ಕೇಳ್ತಾರೆ ಕಣೇ. ಹತ್ತು ವರ್ಷ ಕಡಿಮೆಯಾದ್ರೆ ಕೇಳಲ್ವಾ?

ಹೆಂಡತಿ: ನಿಮ್ಮ ಸ್ಕೂಲಿನ ಸರ್ಟಿಫಿಕೇಟಿನಲ್ಲಿ ಹುಟ್ಟಿದ ವರ್ಷ ಇದ್ದ ಜಾಗವನ್ನ ಗೆದ್ದಲು ತಿಂದುಹಾಕಿದೆ. ದೇವರೇ ದಾರಿ ತೋರಿಸಿದ ಮೇಲೆ ನಿಮ್ಮದೇನು ತಕರಾರು?

ಗಂಡ: ಗೆದ್ದಲು ತಿಂದದ್ದೂ ಅಕ್ರಮವೇ.

ಹೆಂಡತಿ: ಅದು ಚೀಟಿ ಕೊಟ್ಟು ತಿನ್ನಬೇಕಿತ್ತಾ?

ಅದು ನ್ಯಾಯವಾದ ಪ್ರಶ್ನೆಯೇ ಎಂದು ಗಂಡನಿಗೆ ಅನ್ನಿಸಿತು, ಅದೇ ತೊಂದರೆ. ಸ್ವಲ್ಪ ಹೊತ್ತು ಗೊಂಚಲಿನ ಬೀಗದಕೈಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ.

ಗಂಡ: ಪ್ರತಿ ಸ್ಟೋರಿನಲ್ಲೂ ಒಂದು ಮೂಲೆ ಇರುತ್ತೆ. ಉಪಯೋಗಕ್ಕೆ ಬಾರದ್ದನ್ನ ಅಲ್ಲಿ ಹಾಕ್ತಾರೆ. ಎಷ್ಟೋ ಸಾಮಾನು ಚೆನ್ನಾಗೇ ಇರುತ್ತೆ, ಒರೆಸಿ ಎಣ್ಣೆ ಬಿಟ್ರೆ ಓಡುತ್ತೆ. ಆದ್ರೆ ಒಂದ್ಸಲ ಆ ಮೂಲೆಗೆ ಬಿದ್ದರೆ ಯಾರೂ ತಿರುಗಿ ನೋಡಲ್ಲ. ಈ ಎಂಟು ತಿಂಗಳು ನನ್ನನ್ನ ಅಲ್ಲಿ ಹಾಕಿದ್ದಾರೆ.

ಹೆಂಡತಿಗೆ ಅಯ್ಯೋ ಅನ್ನಿಸಿತು. ಆದರೆ ಕೈ ಕಪ್ಪಗೇ ಇದ್ದದ್ದರಿಂದ ಅವನ ಬೆನ್ನು ತಟ್ಟಲೂ ಆಗಲಿಲ್ಲ, ಅದಕ್ಕೆ ಬೈದಳು.

ಹೆಂಡತಿ: ಮೂಲೆಯಿಂದ ಎಬ್ಬಿಸೋದಕ್ಕೇ ತಾನೇ ಬಣ್ಣ ಬಳಿದಿದ್ದು? ಮನೇಲಿ ಇದ್ದದ್ದು ಒಂದೇ ಪ್ಯಾಕೆಟ್ಟು. ನನ್ನ ತಲೆ ಬೆಳ್ಳಗಾದರೂ ಆಗಲಿ ಅಂತ ಪೂರ್ತಿ ನಿಮಗೇ ಸುರಿದಿದ್ದೀನಿ. ಈಗ ಸೋಪು ಕೊಡಿ. ನೀವೇ ಬರ್ಕೊಳ್ಳಿ, ಸಹಿ ಹಾಕ್ತೀನಿ.

ಇದೊಂದು ಮಾತಿಗೆ ಕಾದಿದ್ದವನಂತೆ ಗಂಡ ಪುಸ್ತಕ ತೆಗೆದು ಎರಡು ಚೀಟಿ ಬರೆದ, ಒಂದು ಬಿಳಿ, ಒಂದು ಹಳದಿ. ಹಳದಿಯದನ್ನು ಬರೆಯುವಾಗ ಮೈ ಹಗುರಾದವನ ಹಾಗೆ ಉಸಿರುಬಿಟ್ಟ. ಹಳದಿ ಯಾತಕ್ಕೆ ಎಂದು ಅವಳು ಕೇಳಿದಳು, ವಾಪಸು ಬರಬೇಕಾದ್ದಕ್ಕೆ ಎಂದು ಅವನು ಹೇಳಿದ. ಅವನ ಕೊರಳಲ್ಲಿದ್ದ ಟವೆಲಿಗಿರಬೇಕು ಎಂದುಕೊಂಡು ಅವಳು ಎರಡಕ್ಕೂ ಓದದೆ ಸಹಿ ಎಳೆದಳು. ಚೀಟಿಯ ಅಂಚಿಗೆ ಕಪ್ಪು ಹೆಬ್ಬೆರಳೂ ಮೂಡಿತು.

ಸೋಪು ಸಿಕ್ಕಿತು. ಅವಳು ಕೈ ತೊಳೆಯಲು ಹೋದಾಗ ಅವನು ಹಳದಿ ಚೀಟಿಯನ್ನು ಅರ್ಜಿಯ ಮೇಲೆ ನಾಲ್ಕು ಮೂಲೆ ಸರಿಹೊಂದಿಸಿ ಪಿನ್ನು ಚುಚ್ಚಿದ.

ಬೀಗದ ಕಾರ್ಖಾನೆಗೆ ಇಬ್ಬರೂ ಬಸ್ಸಿನಲ್ಲಿ ಹೋದರು. ಒಬ್ಬನೇ ಹೋದರೆ ಬಾಯಿಬಿಟ್ಟು ನಿಜ ಹೇಳಿ ಬರುತ್ತಾನೆಂದು ಹೆಂಡತಿ ಕಾವಲಿಗೆ ಬಂದಿದ್ದಳು. ದಾರಿಯುದ್ದಕ್ಕೂ ಅವಳು ಪಾಠ ಹೇಳಿಕೊಟ್ಟಳು: ಕೇಳಿದಷ್ಟಕ್ಕೆ ಮಾತ್ರ ಉತ್ತರ, ಟಾರ್ಚಿನ ಸೆಲ್ಲಿನ ಕಥೆ ಬೇಡ, ಕೂರುವಾಗ ಏಳುವಾಗ ಅಮ್ಮಾ ಅನ್ನಬಾರದು.

ಒಳಗೆ ಸಿಬ್ಬಂದಿ ಅಧಿಕಾರಿಯ ಕೋಣೆ. ಅಧಿಕಾರಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು, ಮೇಜಿನ ಮೇಲೆ ಎರಡು ಫೋನು, ಒಂದು ಕಂಪ್ಯೂಟರು. ಗೋಡೆಗೆ ಆ ಕಾರ್ಖಾನೆಯಲ್ಲೇ ಮಾಡಿದ ಅರವತ್ತು ಬಗೆಯ ಬೀಗಗಳನ್ನು ನೇತುಹಾಕಿದ್ದರು. ಆದರೆ ಆ ಕೋಣೆಯ ಬಾಗಿಲಿಗೆ ಬೀಗವಿರಲಿ, ಚಿಲಕವೂ ಇರಲಿಲ್ಲ. ಮುಚ್ಚಿದಷ್ಟೂ ಸಲ ಕಿರ್ರೆಂದು ತಾನಾಗಿ ತೆರೆದುಕೊಳ್ಳುತ್ತಿತ್ತು. ಹೀಗಾಗಿ ಹೊರಗಿನ ಬೆಂಚಿನ ಮೇಲೆ ಕೂತ ಹೆಂಡತಿಗೆ ಒಳಗಿನದೆಲ್ಲ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು.

ಅಧಿಕಾರಿ: ಬನ್ನಿ ಸರ್, ಕೂತ್ಕೊಳ್ಳಿ. ಒಂದು ಪೆನ್ನು ಇದ್ರೆ ಕೊಡಿ.

ಗಂಡ: ವಾಪಸ್ ಬರೋದಾ, ಖರ್ಚಿಗೆ ಹೋಗೋದಾ?

ಅಧಿಕಾರಿ: ಏನು?

ಗಂಡ: ಪೆನ್ನು, ಸರ್. ವಾಪಸ್ ಬರೋದಾದ್ರೆ ಹಳದಿ ಚೀಟಿ.

ತಮಾಷೆ ಎಂದುಕೊಂಡು ಅಧಿಕಾರಿ ನಕ್ಕ. ಗಂಡ ಜೇಬಿನಿಂದ ಪುಸ್ತಕ ತೆಗೆದು, ಹಳದಿ ಹಾಳೆಯಲ್ಲಿ 'ಪೆನ್ನು, ಒಂದು, ಬರೆಯಲು' ಎಂದು ಬರೆದು ಮುಂದೆ ಸರಿಸಿದಾಗ ನಗು ಅರ್ಧಕ್ಕೆ ನಿಂತಿತು. ಪೆನ್ನಿಲ್ಲದ ಅಧಿಕಾರಿ ಗಂಡನ ಪೆನ್ನಿನಲ್ಲೇ ಸಹಿ ಹಾಕಿ ಪೆನ್ನು ಪಡೆದ. ಹೊರಗೆ ಹೆಂಡತಿ ಹಣೆ ಹಿಡಿದುಕೊಂಡಳು.

ಅಧಿಕಾರಿ: ಐದು ವರ್ಷ ಬಿಟ್ಟು ನೀವು ಎಲ್ಲಿರ್ತೀರಿ ಅಂತ ಯೋಚನೆ ಮಾಡಿದ್ದೀರಾ?

ಗಂಡ: ನೀವು ತಗೊಂಡ್ರೆ ನಿಮ್ಮ ಸ್ಟೋರಿನಲ್ಲಿ. ಇಲ್ಲದಿದ್ರೆ ಇದೇ ತರದ ಇನ್ನೊಂದು ಕುರ್ಚಿ ಮೇಲೆ, ಇದೇ ಪ್ರಶ್ನೆ ಕೇಳಿಸ್ಕೊತಾ.

ಅಧಿಕಾರಿ: ನಿಮ್ಮ ದೌರ್ಬಲ್ಯ?

ಗಂಡ: ಬಲ ಮೊಣಕಾಲು.

ಅಧಿಕಾರಿ: ಅಲ್ಲ ಸರ್, ಸ್ವಭಾವದಲ್ಲಿ.

ಗಂಡ: ಸ್ವಭಾವಕ್ಕೆ ಏನೂ ಆಗಿಲ್ಲ. ಮೊಣಕಾಲೇ.

ಅಧಿಕಾರಿ: ಕಂಪ್ಯೂಟರು ಬರುತ್ತಾ?

ಗಂಡ: ಬರುತ್ತೆ. ಕೊನೇ ಆರು ವರ್ಷ ಅದರಲ್ಲೂ ಬರೆದೆ, ಚೀಟಿಯಲ್ಲೂ ಬರೆದೆ. ಸಾಮಾನು ಎಷ್ಟಿದೆ ಅಂತ ಕಂಪ್ಯೂಟರು ಹೇಳುತ್ತೆ. ಯಾರು ತಗೊಂಡು ಹೋದ್ರು ಅಂದ್ರೆ ಮುಖ ನೋಡುತ್ತೆ.

ಅಧಿಕಾರಿಗೆ ಈ ಉತ್ತರ ಎಲ್ಲೋ ನಾಟಿರಬೇಕು, ಕಂಪ್ಯೂಟರನ್ನು ಓರೆಗಣ್ಣಲ್ಲಿ ನೋಡಿದ. ಆಮೇಲೆ ಅರ್ಜಿಯ ಮೇಲೆ ಪೆನ್ನಿನ ತುದಿ ಓಡಿಸಿದ. ಮೇಲೆ ಚುಚ್ಚಿದ್ದ ಹಳದಿ ಕಾಗದವನ್ನು ಇದೂ ಪೆನ್ನಿನಂಥದೇ ಚೀಟಿ ಎಂದುಕೊಂಡನೋ ಏನೋ, ಬೆರಳಲ್ಲಿ ಎತ್ತಿ ಹಿಡಿದು ಅದರ ಅಡಿಯಲ್ಲಿದ್ದದ್ದನ್ನು ಓದಿದ.

ಅಧಿಕಾರಿ: ವಯಸ್ಸು ನಲವತ್ತೆಂಟು. ಅನುಭವ ಮೂವತ್ನಾಲ್ಕು ವರ್ಷ. ಅಂದ್ರೆ ಹದಿನಾಲ್ಕಕ್ಕೇ ಕೆಲಸಕ್ಕೆ ಸೇರಿದ್ರಾ?

ಹೊರಗೆ ಹೆಂಡತಿ ಬೆಂಚಿನಿಂದ ಎದ್ದು ಬಾಗಿಲಿಗೆ ಬಂದಳು. ವಯಸ್ಸಿನಲ್ಲಿ ಹತ್ತು ಕಳೆದವಳು ಅನುಭವದಲ್ಲಿ ಕಳೆಯುವುದನ್ನು ಮರೆತಿದ್ದಳು. ಹದಿನಾಲ್ಕಕ್ಕೇ ಸೇರಿದೆ ಅನ್ನಿ, ಕಷ್ಟದ ಮನೆತನ ಅನ್ನಿ ಎಂದು ಬಾಗಿಲ ಸಂದಿನಿಂದ ಕೈ ಸನ್ನೆ ಮಾಡಿದಳು. ಗಂಡ ತಿರುಗಿ ನೋಡಲಿಲ್ಲ.

ಗಂಡ: ಇಲ್ಲ ಸರ್, ಇಪ್ಪತ್ನಾಲ್ಕಕ್ಕೆ.

ಅಧಿಕಾರಿ: ಇಪ್ಪತ್ನಾಲ್ಕು, ಮೂವತ್ನಾಲ್ಕು... ಐವತ್ತೆಂಟಾಗುತ್ತೆ.

ಗಂಡ: ಸರಿಯಾಗಿದೆ.

ಅಧಿಕಾರಿ: ಇಲ್ಲಿ ನಲವತ್ತೆಂಟು ಅಂತ ಇದೆ.

ಗಂಡ: ಅದೂ ಸರಿಯಾಗಿದೆ. ಹತ್ತು ಹೊರಗೆ ಹೋಗಿದೆ. ನೀವು ಬೆರಳಲ್ಲಿ ಎತ್ತಿ ಹಿಡಿದಿದ್ದೀರಲ್ಲ, ಅದೇ ಚೀಟಿ.

ಅಧಿಕಾರಿ ಹಳದಿ ಚೀಟಿ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಬಾಯಿಬಿಟ್ಟು ಓದಿದ.

ಅಧಿಕಾರಿ: ಸಾಮಾನು: ವಯಸ್ಸು. ಎಷ್ಟು: ವರ್ಷ ಹತ್ತು. ಯಾತಕ್ಕೆ: ಕೆಲಸ ಸಿಗಲೆಂದು, ಪತ್ನಿಯ ಸೂಚನೆ ಮೇರೆಗೆ. ಉಳಿಕೆ ನಲವತ್ತೆಂಟು. ಪಡೆದವರ ಸಹಿ... ಇದು ಯಾರದು?

ಗಂಡ: ನನ್ನ ಹೆಂಡತಿಯದು. ಹೊರಗೆ ಕೂತಿದ್ದಾಳೆ.

ಅಧಿಕಾರಿ: ಈ ಕಪ್ಪು ಮಚ್ಚೆ?

ಗಂಡ: ಹೆಬ್ಬೆರಳು. ಅದೂ ಅವಳದೇ.

ಈ ಭೂಮಿಯ ಮೇಲೆ ವಯಸ್ಸು ಮುಚ್ಚಿಟ್ಟವರು ಲಕ್ಷ ಇದ್ದಾರು. ಮುಚ್ಚಿಟ್ಟದ್ದಕ್ಕೆ ತಾರೀಖು ಹಾಕಿ, ಸಾಕ್ಷಿಯ ಸಹಿ ಪಡೆದು, ಅದನ್ನು ತಾನೇ ತಂದು ಒಪ್ಪಿಸಿದವನು ಇವನೊಬ್ಬನೇ ಇರಬೇಕು. ಅಧಿಕಾರಿ ಹೆಂಡತಿಯನ್ನು ಒಳಗೆ ಕರೆಸಿದ. ಬೆಳಿಗ್ಗೆ ಟವೆಲಿಗೆಂದು ಸಹಿ ಹಾಕಿದ ಚೀಟಿಯನ್ನು ಆಕೆ ಆಗ ಮೊದಲ ಬಾರಿ ಓದಿದಳು. ಗಂಡನ ಕಡೆ ನೋಡಿದ ನೋಟಕ್ಕೆ ಅವನ ತಲೆಯ ಬಣ್ಣ ಬಿಳಿಚಿಕೊಳ್ಳದೆ ಇದ್ದದ್ದೇ ಆಶ್ಚರ್ಯ.

ಅಧಿಕಾರಿ: ಅಮ್ಮ, ಈ ಸಹಿ ನಿಮ್ಮದಾ?

ಹೆಂಡತಿ: ನನ್ನದೇ. ಇಲ್ಲ ಅಂದ್ರೆ ಹೆಬ್ಬೆರಳು ಹೇಳುತ್ತೆ.

ಅಧಿಕಾರಿ: ಹತ್ತು ವರ್ಷ ನೀವು ಪಡೆದಿದ್ದೀರಿ ಅಂತ ಇದೆ. ಎಲ್ಲಿದೆ ಅದು?

ಹೆಂಡತಿ: ಇಲ್ಲೇ ಇದೆ, ನನ್ನ ತಲೆ ನೋಡಿ. ಎಂಟು ತಿಂಗಳ ಹಿಂದೆ ಇದು ಅರ್ಧ ಕಪ್ಪಗಿತ್ತು. ಇವರು ಮನೇಲಿ ಕೂತಮೇಲೆ ಆ ಹತ್ತು ವರ್ಷವೂ ನನ್ನ ಮೇಲೇ ಏರಿದೆ. ಒಂದು ದಿನ ಕೂಡ ಕಡಿಮೆ ಬಂದಿಲ್ಲ, ಎಣಿಸಿ ತಗೊಂಡಿದ್ದೀನಿ.

ಅಧಿಕಾರಿ ಈ ಸಲ ನಗಲಿಲ್ಲ. ಎದ್ದು ಹೋಗಿ ಬಾಗಿಲು ಮುಚ್ಚಿದ. ಅದು ತೆರೆದುಕೊಂಡಿತು. ಕುರ್ಚಿಯೊಂದನ್ನು ಅಡ್ಡ ಇಟ್ಟು ಬಂದು, ದನಿ ತಗ್ಗಿಸಿ ಮನೆಯ ಗುಟ್ಟು ಹೇಳತೊಡಗಿದ. ಎರಡು ವರ್ಷದಲ್ಲಿ ನಾಲ್ಕು ಜನ ಸ್ಟೋರ್ ಕೀಪರುಗಳು ಬಂದು ಹೋದರಂತೆ. ಎಲ್ಲರೂ ಮೂವತ್ತರೊಳಗಿನವರು, ಎಲ್ಲರೂ ಐದು ವರ್ಷ ಬಿಟ್ಟು ಎಲ್ಲಿರುತ್ತೇವೆ ಎಂಬುದಕ್ಕೆ ಬಲು ಸೊಗಸಾದ ಉತ್ತರ ಕೊಟ್ಟವರು. ಒಬ್ಬನೂ ಐದು ತಿಂಗಳು ನಿಲ್ಲಲಿಲ್ಲ.

ಅಧಿಕಾರಿ: ಕಂಪ್ಯೂಟರಿನ ಪ್ರಕಾರ ನಮ್ಮ ಸ್ಟೋರಿನಲ್ಲಿ ಸಾವಿರದ ಇನ್ನೂರು ಬೀಗ ಇದೆ. ಹೋಗಿ ನೋಡಿದ್ರೆ ಎಂಬತ್ತು.

ಗಂಡ: ಉಳಿದದ್ದು?

ಅಧಿಕಾರಿ: ಕಂಪ್ಯೂಟರಿನಲ್ಲಿದೆ.

ಗಂಡ: ಸ್ಟೋರಿನ ಬಾಗಿಲಿಗೆ ಬೀಗ ಹಾಕ್ತೀರೋ ಇಲ್ವೋ?

ಅಧಿಕಾರಿ: ಹಾಕ್ತಿದ್ವಿ. ಆ ಬೀಗವೂ ಹೋಯ್ತು.

ಗಂಡನ ಮುಖದಲ್ಲಿ ಎಂಟು ತಿಂಗಳಿಂದ ಕಾಣದಿದ್ದ ಕಳೆ ಬಂತು. ಹಸಿದವನಿಗೆ ಒಗ್ಗರಣೆಯ ವಾಸನೆ ಬಡಿದ ಹಾಗಾಗಿತ್ತು. ಅಂಥ ಹಾಳು ಉಗ್ರಾಣ ಅವನಿಗೆ ಇನ್ನೆಲ್ಲಿ ಸಿಗಬೇಕು.

ಅಧಿಕಾರಿ: ಸುಳ್ಳು ಹೇಳಿದ್ರೂ ಅದಕ್ಕೆ ಚೀಟಿ ಇಡೋ ಮನುಷ್ಯ ನನಗೆ ಬೇಕು. ಆದ್ರೆ ಐವತ್ತು ದಾಟಿದವರು ಬೇಡ ಅಂತ ಯಜಮಾನರ ನಿಯಮ.

ಹೆಂಡತಿ: ನಿಮ್ಮ ಯಜಮಾನರಿಗೆ ಎಷ್ಟು ವಯಸ್ಸು?

ಅಧಿಕಾರಿ: ಎಪ್ಪತ್ತಾರು.

ಹೆಂಡತಿ: ಅವರನ್ನ ಕೆಲಸಕ್ಕೆ ಯಾರು ತಗೊಂಡ್ರು?

ಅಧಿಕಾರಿ: ಅವರಪ್ಪ.

ಇದಕ್ಕೆ ಮೂವರೂ ಒಂದು ನಿಮಿಷ ಮೌನವಾಗಿ ಗೌರವ ಸಲ್ಲಿಸಿದರು. ಆಮೇಲೆ ಅಧಿಕಾರಿ ಉಪಾಯ ಹೇಳಿದ. ಅರ್ಜಿಯಲ್ಲಿ ನಲವತ್ತೆಂಟು ಅಂತಲೇ ಇದೆ. ಅನುಭವದ ಮೂವತ್ನಾಲ್ಕನ್ನು ಟೈಪು ಮಾಡುವಾಗ ಇಪ್ಪತ್ನಾಲ್ಕು ಮಾಡಿದರಾಯಿತು. ಸರ್ಟಿಫಿಕೇಟನ್ನು ಗೆದ್ದಲು ನೋಡಿಕೊಂಡಿದೆ. ಯಜಮಾನರು ಕಡತದ ಮೊದಲ ಹಾಳೆ ಬಿಟ್ಟು ಎರಡನೆಯದನ್ನು ಎಂದೂ ನೋಡಿದವರಲ್ಲ. ಅಡ್ಡಿ ಇರುವುದು ಮೊದಲ ಹಾಳೆಯ ಮೇಲಿರುವ ಹಳದಿ ಚೀಟಿ ಒಂದೇ.

ಅಧಿಕಾರಿ: ಇದನ್ನ ತೆಗೆದುಬಿಡಿ ಸರ್. ನಾನು ನೋಡೇ ಇಲ್ಲ. ಸೋಮವಾರದಿಂದ ಕೆಲಸಕ್ಕೆ ಬನ್ನಿ.

ಗಂಡ: ತೆಗೆಯೋಕಾಗಲ್ಲ.

ಅಧಿಕಾರಿ: ಒಂದು ಪಿನ್ನು ಸರ್. ಎಳೆದ್ರೆ ಬರುತ್ತೆ.

ಗಂಡ: ಪಿನ್ನಿನ ಮಾತಲ್ಲ. ಕಡತಕ್ಕೆ ಸೇರಿದ ಕಾಗದ ಅದು. ಅದನ್ನ ಸುಮ್ಮನೆ ಕಿತ್ತರೆ ನಿಮ್ಮ ಹಳೇ ನಾಲ್ಕು ಜನಕ್ಕೂ ನನಗೂ ಏನು ವ್ಯತ್ಯಾಸ? ಅವರು ಬೀಗ ಹೊತ್ಕೊಂಡು ಹೋದ್ರು, ನಾನು ಚೀಟಿ.

ಹೆಂಡತಿ: ರೀ, ಇದು ಹತ್ತನೇ ಕಡೆ.

ಗಂಡ: ಗೊತ್ತು.

ಹೆಂಡತಿ: ಹನ್ನೊಂದನೇದು ಇಲ್ಲ.

ಗಂಡ: ಅದೂ ಗೊತ್ತು ಕಣೇ. ಆದ್ರೆ ಮೂವತ್ನಾಲ್ಕು ವರ್ಷ ಚೀಟಿ ಇಲ್ಲದೆ ಏನನ್ನೂ ಬಿಟ್ಟಿಲ್ಲ ಅನ್ನೋದೊಂದೇ ನನ್ನ ಹತ್ರ ಉಳಿದಿರೋದು. ಅದನ್ನೂ ಬಿಟ್ಟು ಒಳಗೆ ಬಂದ್ರೆ, ಬಂದವನು ನಾನಾಗಿರಲ್ಲ.

ಕೆಲಸ ಅವನಿಗೆ ಬೇಕಾಗಿತ್ತು, ಊಟಕ್ಕಿಂತ ಹೆಚ್ಚಾಗಿ ಬೇಕಾಗಿತ್ತು. ಅದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಆದರೂ ಕುರ್ಚಿಯ ಕೈ ಹಿಡಿದು, ಅಮ್ಮಾ ಎಂದು ನರಳಿ ಎದ್ದುನಿಂತ. ಅಧಿಕಾರಿ ಸೋತವನಂತೆ ಕಂಪ್ಯೂಟರಿನ ಕಡೆ ತಿರುಗಿದ. ಹೆಂಡತಿ ಮಾತ್ರ ಕದಲಲಿಲ್ಲ. ಎಂಟು ತಿಂಗಳು ಈ ಮನುಷ್ಯನ ಕಪಾಟಿನ ಮುಂದೆ ನಿಂತು ಬೇಡಿದವಳು, ಎಳೆದವಳು, ಕೂಗಾಡಿದವಳು. ಏನು ಮಾಡಿದರೆ ಅವನು ಸಾಮಾನು ಬಿಡುತ್ತಾನೆ ಎಂಬುದು ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಹೆಂಡತಿ: ಪುಸ್ತಕ ಕೊಡಿ.

ಗಂಡ: ಯಾವ ಪುಸ್ತಕ?

ಹೆಂಡತಿ: ಚೀಟಿ ಪುಸ್ತಕ. ನಾನು ಬರೀತೀನಿ.

ಗಂಡ ಅವಳನ್ನು ಮದುವೆಯ ದಿನ ನೋಡಿದ ಹಾಗೆ ನೋಡಿದ. ಪುಸ್ತಕ ಕೊಟ್ಟ. ಅಧಿಕಾರಿ ಪೆನ್ನು ಕೊಟ್ಟ. ಅವಳು ಮೇಜಿಗೆ ಒರಗಿ ನಿಧಾನವಾಗಿ ಬಿಳಿ ಚೀಟಿ ಬರೆದು ಗಂಡನ ಮುಂದೆ ಹಿಡಿದಳು. ಸಾಮಾನು: ಹಳೇ ಹಳದಿ ಚೀಟಿ. ಎಷ್ಟು: ಒಂದು. ಯಾತಕ್ಕೆ: ಮನೆ ಬಳಕೆಗೆ. ಪಡೆದವರ ಸಹಿ.

ಗಂಡ ಕನ್ನಡಕ ಹಾಕಿಕೊಂಡ.

ಗಂಡ: ತಾರೀಖು ಇಲ್ಲ.

ಹೆಂಡತಿ: ಹಾಕಿದೆ.

ಗಂಡ: ಮೇಲಿನವರ ಒಪ್ಪಿಗೆ ಬೇಕು. ಕಡತ ಅವರದು.

ಅಧಿಕಾರಿ ಅದಕ್ಕೂ ಸಹಿ ಹಾಕಿದ. ಗಂಡ ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿದ. ತಪ್ಪು ಹುಡುಕಿದ, ಸಿಗಲಿಲ್ಲ. ನಾಲ್ಕು ಮನೆಯೂ ತುಂಬಿತ್ತು, ಅಕ್ಷರ ದುಂಡಗಿತ್ತು. ಸರಿಯಾಗಿ ತುಂಬಿದ ಚೀಟಿಗೆ ಸಾಮಾನು ಇಲ್ಲ ಎಂದು ಅವನು ಜೀವಮಾನದಲ್ಲಿ ಹೇಳಿರಲಿಲ್ಲ. ಪಿನ್ನು ಎಳೆದು ಹಳದಿ ಚೀಟಿಯನ್ನು ಅವಳ ಕೈಗಿಟ್ಟ. ಬಿಳಿ ಚೀಟಿಯನ್ನು ಅದೇ ತೂತಿಗೆ ಚುಚ್ಚಿದ. ಯಜಮಾನರು ನೋಡಿದರೂ ಈಗ ಅವರಿಗೆ ಕಾಣುವುದು ಯಾರೋ ಒಬ್ಬ ಗೃಹಿಣಿ ಮನೆ ಬಳಕೆಗೆ ಹಳೇ ಕಾಗದವೊಂದನ್ನು ಕ್ರಮಬದ್ಧವಾಗಿ ಪಡೆದದ್ದು ಮಾತ್ರ.

ಅಧಿಕಾರಿ ಎದ್ದು ಕೈಕುಲುಕಿದ. ಉಗ್ರಾಣದ ಬೀಗದಕೈ ಗೊಂಚಲನ್ನು ಹುಡುಕಿ ತೆಗೆದುಕೊಟ್ಟ. ಅಲ್ಲಿನ ಬಾಗಿಲು, ಕಪಾಟುಗಳ ಬೀಗಗಳು ಹೋಗಿದ್ದವು, ಬೀಗದಕೈಗಳು ಮಾತ್ರ ಎಲ್ಲವೂ ಇದ್ದವು. ಗಂಡ ಅವನ್ನು ಎಣಿಸಿ, ಹದಿನೇಳು ಎಂದು ಚೀಟಿ ಬರೆದುಕೊಟ್ಟ. ಹೊರಡುವಾಗ ಪೆನ್ನು ವಾಪಸು ಕೇಳಿ ಪಡೆದ.

ಬಸ್ ನಿಲ್ದಾಣದಲ್ಲಿ ಕೂರಲು ಒಂದು ಕಲ್ಲು ಬೆಂಚು, ಪಕ್ಕದಲ್ಲಿ ಕಸದ ಡಬ್ಬ. ಕೂತದ್ದೇ ಹೆಂಡತಿ ಅಂಗೈ ಮುಂದೆ ಚಾಚಿದಳು.

ಹೆಂಡತಿ: ಈಗ ನಿಮಗೆ ನಿಮ್ಮದೇ ಸ್ಟೋರು ಬಂತಲ್ಲ. ನನ್ನ ಕಪಾಟಿನ ಬೀಗದಕೈ ಕೊಡಿ.

ಗಂಡ ಅಭ್ಯಾಸಬಲದಿಂದ ಜೇಬಿನ ಪುಸ್ತಕಕ್ಕೆ ಕೈ ಹಾಕಿದ. ಅವಳ ಬೆಳ್ಳಗಿನ ಬೈತಲೆ ನೋಡಿದ. ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಕಪ್ಪು ನೋಡಿದ. ಕೈ ಜೇಬಿನಿಂದ ಖಾಲಿಯಾಗಿ ಬಂತು. ಸೊಂಟದ ಗೊಂಚಲಿನಿಂದ ಬೀಗದಕೈ ಬಿಡಿಸಿ ಅವಳ ಅಂಗೈಗೆ ಹಾಕಿದ, ಚೀಟಿ ಇಲ್ಲದೆ. ಮೂವತ್ನಾಲ್ಕು ವರ್ಷದ ದಾಖಲೆ ಅಲ್ಲಿಗೆ ಮುರಿಯಿತು. ಅವಳಿಗೆ ಕಣ್ಣು ತುಂಬಿ ಬಂತು, ಧೂಳು ಎಂದು ಸೆರಗಿನಲ್ಲಿ ಒರೆಸಿಕೊಂಡಳು.

ಗಂಡ: ಇಲ್ಲಿ ನಿವೃತ್ತಿ ಐವತ್ತೆಂಟಕ್ಕಂತೆ.

ಹೆಂಡತಿ: ಹೂಂ.

ಗಂಡ: ಅಂದ್ರೆ ನನಗೆ ನಿಜವಾಗಿ ಅರವತ್ತೆಂಟಾಗೋವರೆಗೂ ದುಡೀಬೇಕು.

ಹೆಂಡತಿ: ಹೂಂ.

ಗಂಡ: ಆಮೇಲೆ ನಾನು ಕೊಟ್ಟ ಹತ್ತು ವರ್ಷ ವಾಪಸ್ ಕೊಡ್ತೀಯ ತಾನೇ? ಅದು ಹಳದಿ ಚೀಟಿ, ನೆನಪಿರಲಿ.

ಹೆಂಡತಿ ಪರ್ಸು ತೆಗೆದಳು. ಹಳದಿ ಚೀಟಿಯನ್ನು ಎರಡಾಗಿ ಹರಿದಳು, ನಾಲ್ಕಾಗಿ ಹರಿದಳು, ಎಂಟಾಗಿ ಹರಿದು ಕಸದ ಡಬ್ಬಕ್ಕೆ ಹಾಕಿ ಕೈ ಕೊಡವಿಕೊಂಡಳು.

ಹೆಂಡತಿ: ಯಾವ ಹತ್ತು ವರ್ಷ? ಚೀಟಿ ಇದ್ರೆ ತೋರಿಸಿ.